ಹೊಳೆಯೂ ಇಲ್ಲ, ಗಣಿಯೂ ಇಲ್ಲ

ಹುಬ್ಬಳ್ಳಿಗೆ ಕಲ್ಲಿದ್ದಲು ಮೊದಲು ಬಂದದ್ದು ರೈಲಿಗಾಗಿ, ದೀಪಕ್ಕಾಗಿ ಅಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿ ವರ್ಕ್‌ಶಾಪ್ ಕಟ್ಟಿತು. ಉಗಿಯಂತ್ರದ ಹೊಗೆ ಊರಿಗೆ ರೂಢಿಯಾಯಿತು. ಮನೆಗಳಲ್ಲಿ ಮಾತ್ರ ಚಿಮಣಿ, ಕಂದೀಲುಗಳದೇ ಬೆಳಕು.

ಶಿವನಸಮುದ್ರದ ನೀರು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಕರೆಂಟು ಕೊಟ್ಟಿತು. ಆದರೆ ಅದು ಮೈಸೂರು ಸಂಸ್ಥಾನದ ಭಾಗ್ಯ. ಹುಬ್ಬಳ್ಳಿ, ಧಾರವಾಡ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಪಕ್ಕದಲ್ಲಿ ದೊಡ್ಡ ಹೊಳೆಯೂ ಇಲ್ಲ. ಆ ಕಾಲದಲ್ಲಿ ಇಂಥ ಊರುಗಳಿಗೆ ಸರ್ಕಾರದ ಪರವಾನಗಿ ಪಡೆದ ಖಾಸಗಿ ಕಂಪನಿಗಳೇ ಗತಿ, ಅವಕ್ಕೆ ಹೆಚ್ಚಾಗಿ ಎಣ್ಣೆಯ ಎಂಜಿನ್ನುಗಳೇ ಗತಿ.

ಹುಬ್ಬಳ್ಳಿ ಎಲೆಕ್ಟ್ರಿಸಿಟಿ ಕಂಪನಿಯ ಹೆಸರು ಇವತ್ತಿಗೂ ವಕೀಲರ ಬಾಯಲ್ಲಿದೆ. ಮುಂಬಯಿ ಸರ್ಕಾರ ಅದರ ಪರವಾನಗಿ ರದ್ದು ಮಾಡಿತು; ಜಗಳ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ಕಂಪನಿ ಕರ್ತವ್ಯದಲ್ಲಿ ತಪ್ಪಿದೆಯೇ ಎಂಬ ಬಗ್ಗೆ ಕಾನೂನು ಕೇಳುವುದು ಸರ್ಕಾರದ ಅಭಿಪ್ರಾಯವನ್ನು; ಅದರ ಆಧಾರಗಳನ್ನು ಕೋರ್ಟು ತೂಗಬೇಕಿಲ್ಲ ಎಂದು ಪ್ರಿವಿ ಕೌನ್ಸಿಲ್ ಹೇಳಿತು. ಕರೆಂಟಿನ ಊರಜಗಳವೊಂದು ಆಡಳಿತ ಕಾನೂನಿನ ಪುಸ್ತಕ ಸೇರಿದ್ದು ಹೀಗೆ.

1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, 1956ರಲ್ಲಿ ರಾಜ್ಯ ಒಂದಾಯಿತು, 1960ರ ದಶಕದಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿತು. ಎಣ್ಣೆಯ ಕಾಲ ಮುಗಿಯಿತು ಎಂದೇ ಎಲ್ಲರೂ ನಂಬಿದರು. ಆ ನಂಬಿಕೆ ಮುಂಗಾರಿನ ಕೈಯಲ್ಲಿತ್ತು. ಮಳೆ ತಪ್ಪಿದ ವರ್ಷ ಪವರ್ ಕಟ್. ಕೊನೆಗೆ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ 210 ಮೆಗಾವ್ಯಾಟಿನ ಮೊದಲ ಕಲ್ಲಿದ್ದಲ ಘಟಕ ಉರಿಯಿತು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ಸಿಂಗರೇಣಿಯಿಂದ, ಒಡಿಶಾದಿಂದ ರೇಕುಗಟ್ಟಲೆ ತರಬೇಕು. ಶಕ್ತಿನಗರ ಇಂದು 1,720 ಮೆಗಾವ್ಯಾಟಿಗೆ ಬೆಳೆದಿದೆ, ಬಳ್ಳಾರಿಯ ಕುಡತಿನಿ 1,700ಕ್ಕೆ.

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ದೊಡ್ಡ ಉಷ್ಣಸ್ಥಾವರ ಇಲ್ಲ, ಹಾರುಬೂದಿಯೂ ಇಲ್ಲ. ಆದರೆ 2002ರಲ್ಲಿ ಹುಟ್ಟಿದ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂನ ಕಚೇರಿ ನವನಗರದಲ್ಲಿ. ಮರುವರ್ಷ ಶುರುವಾದ ನೈಋತ್ಯ ರೈಲ್ವೆಯ ಕೇಂದ್ರವೂ ಹುಬ್ಬಳ್ಳಿಯೇ. ಮುರ್ಮಗೋವಾ ಬಂದರಿನಲ್ಲಿ ಇಳಿದ ವಿದೇಶಿ ಕಲ್ಲಿದ್ದಲು ಕ್ಯಾಸಲ್‌ರಾಕ್ ಘಾಟು ಹತ್ತಿ, ಧಾರವಾಡ ದಾಟಿ, ಇಲ್ಲಿಂದಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯತ್ತ ಸಾಗುತ್ತದೆ. ಬಿಲ್ಲೂ ಇಲ್ಲಿಯದು, ಬೋಗಿಯೂ ಇಲ್ಲಿಯದು. ಬೂದಿ ಮಾತ್ರ ಬೇರೆಯವರ ಹೊಲದ್ದು. ಹೆಸ್ಕಾಂ ವ್ಯಾಪ್ತಿಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರ ಏಳುತ್ತಿದ್ದಾಗ, 2014ರಲ್ಲಿ ರೈತರು ಬೀದಿಗಿಳಿದರು, ಗೋಲಿಬಾರೂ ಆಯಿತು. ಆಲಮಟ್ಟಿಯ ನೀರು ಕುಡಿಯುವ ಆ ಸ್ಥಾವರದ ಕರೆಂಟಿನಲ್ಲಿ ಹೊರರಾಜ್ಯಗಳಿಗೂ ಪಾಲಿದೆ.

ಗದಗಿನ ಕಪ್ಪತಗುಡ್ಡದ ಗಾಳಿಗಿರಣಿ, ಪಾವಗಡದ ಸೌರಫಲಕ ಎಲ್ಲ ಬಂದಿವೆ, ನಿಜ. ಆದರೂ 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೇ ಹೋದಾಗ, ರಾಜ್ಯ ಸರ್ಕಾರ ಅಕ್ಟೋಬರಿನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ತಮ್ಮ ಕರೆಂಟನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ರೈತರ ಪಂಪ್‌ಸೆಟ್ಟಿಗೆ ಆಗ ಸಿಕ್ಕ ಭರವಸೆ ದಿನಕ್ಕೆ ಐದು ತಾಸಿನ ತ್ರೀಫೇಸ್.