ಜೀವಕೋಶದಿಂದ ಆಹಾರ: ಮೈಸೂರು–ನಂಜನಗೂಡು ಸೀಮೆಯ ಒಂದು ಇತಿಹಾಸ

ಹೊಲವಿಲ್ಲದೆ, ಕೊಟ್ಟಿಗೆಯಿಲ್ಲದೆ, ಜೀವಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸಿ ಆಹಾರ ಪಡೆಯುವ ವಿಚಾರದ ಚರಿತ್ರೆಯನ್ನು ಈಗಿನ ಬರಹಗಳು ಸಾಮಾನ್ಯವಾಗಿ 2013ರ ಆಗಸ್ಟ್ 5ರಿಂದ ಶುರುಮಾಡುತ್ತವೆ. ಅಂದು ನೆದರ್ಲೆಂಡ್ಸಿನ ವಿಜ್ಞಾನಿ ಮಾರ್ಕ್ ಪೋಸ್ಟ್, ಹಸುವಿನ ಸ್ನಾಯುಕೋಶಗಳಿಂದ ಬೆಳೆಸಿದ ಮಾಂಸದ ಬರ್ಗರ್ ಒಂದನ್ನು ಲಂಡನ್ನಿನಲ್ಲಿ ಪತ್ರಕರ್ತರ ಮುಂದಿಟ್ಟರು. ಅದಕ್ಕೆ ತಗುಲಿದ್ದು ಸುಮಾರು ಎರಡೂವರೆ ಲಕ್ಷ ಯೂರೋ. ಇಂಥ ಕೋಳಿಮಾಂಸದ ಮಾರಾಟಕ್ಕೆ 2020ರ ಡಿಸೆಂಬರಿನಲ್ಲಿ ಸಿಂಗಪುರವೂ 2023ರ ಜೂನಿನಲ್ಲಿ ಅಮೆರಿಕವೂ ಒಪ್ಪಿಗೆ ಕೊಟ್ಟವು. ನಮ್ಮಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಗಳಿಗೆ 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವು ಸಿಕ್ಕಿತು. ಕೊಚ್ಚಿಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 2024ರಲ್ಲಿ ಮೀನಿನ ಕೋಶಗಳ ಕೆಲಸಕ್ಕೆ ಕೈಹಾಕಿತು.

ಈ ಕಾಲಗಣನೆ ಮಾಂಸದ ಮಟ್ಟಿಗೆ ಸರಿ. ಕೋಶದಿಂದ ಆಹಾರ ಎಂಬ ಇಡೀ ಪ್ರಯತ್ನಕ್ಕೆ ಇದನ್ನೇ ಅನ್ವಯಿಸಿದರೆ ಅದಕ್ಕೂ ಹಿಂದಿನ ಅರ್ಧ ಶತಮಾನ ಕಣ್ಮರೆಯಾಗುತ್ತದೆ, ಅದರೊಂದಿಗೆ ಮೈಸೂರೂ ಮರೆಯಾಗುತ್ತದೆ. ಪಾಚಿ, ಯೀಸ್ಟ್, ಸಸ್ಯಕೋಶ ಎಂಬ ಮೂರು ದಾರಿಗಳಲ್ಲಿ ನಡೆದ ಆ ಹಳೆಯ ಕೆಲಸವನ್ನು ಮೈಸೂರು, ನಂಜನಗೂಡು, ತಿ. ನರಸೀಪುರಗಳ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ಕೋಶಗಳನ್ನು ಬೇಸಾಯದ ಬದಲಿಯಾಗಿ ಮುಂದಿಟ್ಟಾಗಲೆಲ್ಲ ಆ ಯೋಜನೆ ಹಿಂದೆ ಸರಿಯಿತು. ಬೇಸಾಯದ ಕೈಗೆ ಒಂದು ಸಾಧನವಾಗಿ ಅವನ್ನು ಕೊಟ್ಟಲ್ಲಿ ನೆಲೆಯೂರಿತು. ಇದು ಇಲ್ಲಿನ ಪುರಾವೆಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಮನವರಿಕೆಯಾದ ಮಾತು.

ಸೀಮೆಯ ಹಿನ್ನೆಲೆಯನ್ನು ಮೊದಲು ಹೇಳಬೇಕು. ಕಾವೇರಿ–ಕಪಿಲೆಯರು ಕೂಡುವ ತಿ. ನರಸೀಪುರದ ತಿರುಮಕೂಡಲಿನಲ್ಲಿ 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನ ನವಶಿಲಾಯುಗದ ನೆಲೆಯೊಂದನ್ನು ಬೆಳಕಿಗೆ ತಂದಿತು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಈ ದಂಡೆಯಲ್ಲಿ ಜನ ನೆಲೆನಿಂತಿದ್ದರು. ಕಬಿನಿಯೆಂದೂ ಕರೆಯುವ ಕಪಿಲೆಯ ಹಳೆಯ ಹುಲ್ಲಹಳ್ಳಿ ನಾಲೆಯೂ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ನಾಲೆಗಳೂ ಇಲ್ಲಿ ಭತ್ತ ಮತ್ತು ಕಬ್ಬನ್ನು ಹಬ್ಬಿಸಿದವು. ಅದೇ ನೀರನ್ನೂ ಮೈಸೂರಿನ ಸಾಮೀಪ್ಯವನ್ನೂ ನಂಬಿ ಕಾರ್ಖಾನೆಗಳು ಬಂದವು. ಚಿಕ್ಕಯ್ಯನಛತ್ರದ ಸೌತ್ ಇಂಡಿಯಾ ಪೇಪರ್ ಮಿಲ್ಸ್, ನಂಜನಗೂಡಿನ ನೆಸ್ಲೆ ಕಾಫಿ ಕಾರ್ಖಾನೆ, ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಒಂದೇ ತಾಲ್ಲೂಕಿನವು. ಗದ್ದೆಯೂ ಚಿಮಣಿಯೂ ಒಂದೇ ನೀರನ್ನು ಹಂಚಿಕೊಂಡ ನೆಲವಾದ್ದರಿಂದ ಕೋಶ ಮತ್ತು ಕೃಷಿಯ ಸಂಬಂಧವನ್ನು ಪರೀಕ್ಷಿಸಲು ಇದು ತಕ್ಕ ಜಾಗ.

ಪಾಚಿಯ ಕೊಳಗಳು

ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರ ಅಕ್ಟೋಬರ್ 21ರಂದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಫ್‌ಟಿಆರ್‌ಐ, ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಿಂದ ಬಂದ ವಿ. ಸುಬ್ರಹ್ಮಣ್ಯನ್ ಅದರ ಮೊದಲ ದಶಕವನ್ನು ರೂಪಿಸಿದರು. ಬರಗಾಲದ ನೆನಪು ಹಸಿಯಾಗಿದ್ದ ಕಾಲವದು. ಕಡಲೆಕಾಯಿ ಹಿಂಡಿಯ ಹಿಟ್ಟಿನಿಂದ ವಿವಿಧೋದ್ದೇಶ ಆಹಾರ, ಎಮ್ಮೆಯ ಹಾಲಿನಿಂದ ಶಿಶು ಆಹಾರ ಮುಂತಾದ ಆಗಿನ ಕೆಲಸಗಳು ಬೆಳೆದ ವಸ್ತುವನ್ನೇ ಹೆಚ್ಚು ಜನರಿಗೆ ಮುಟ್ಟಿಸುವ ಯತ್ನಗಳು. ಕೋಶವನ್ನೇ ಬೆಳೆಯಾಗಿ ಕಾಣುವ ಹೆಜ್ಜೆ ಬಂದದ್ದು 1970ರ ದಶಕದಲ್ಲಿ, ಜರ್ಮನಿಯ ಸಹಯೋಗದ ಪಾಚಿ ಯೋಜನೆಯೊಂದಿಗೆ. ಇಲ್ಲಿ ಅದನ್ನು ಮುನ್ನಡೆಸಿದವರು ಎಲ್.ವಿ. ವೆಂಕಟರಾಮನ್. ಜರ್ಮನಿಯ ಇ.ಡಬ್ಲ್ಯೂ. ಬೆಕರ್ ಅವರ ಜೊತೆ ಅವರು ಬರೆದು 1982ರಲ್ಲಿ ಹೊರಬಂದ ಗ್ರಂಥ ಭಾರತದ ಪಾಚಿ ಕೃಷಿಗೆ ಇಂದಿಗೂ ಮೂಲ ಆಕರ.

ಮೊದಲು ಆರಿಸಿಕೊಂಡದ್ದು ಸಿನೆಡೆಸ್ಮಸ್ ಎಂಬ ಹಸಿರು ಪಾಚಿ. ಇದರ ಕೋಶಭಿತ್ತಿ ಗಟ್ಟಿ. ಬಿಸಿಲಿನಲ್ಲಿ ಒಣಗಿಸಿ ಉಣಿಸಿದರೆ ಒಳಗಿನ ಪ್ರೋಟೀನ್ ಜೀರ್ಣವಾಗುವುದಿಲ್ಲ. ಕಾದ ಉರುಳೆಯ ಮೇಲೆ ಹಾಯಿಸಿ ಭಿತ್ತಿಯನ್ನು ಒಡೆಯಬೇಕು. ಕೋಶಗಳು ತೀರ ಸಣ್ಣವಾದ್ದರಿಂದ ನೀರಿನಿಂದ ಬೇರ್ಪಡಿಸಲು ಜೋರಾಗಿ ತಿರುಗುವ ಯಂತ್ರ ಬೇಕು. ಹಳ್ಳಿಗೆ ಒಯ್ಯಬಹುದಾದ ಆಹಾರ ಎಂಬ ಗುರಿ ಈ ಎರಡು ಯಂತ್ರಗಳ ಎದುರು ಸೋತಿತು. ಸ್ಪಿರುಲಿನಾ ಎಂಬ ನೀಲಿ-ಹಸಿರು ಪಾಚಿ ಗೆದ್ದದ್ದು ತನ್ನ ಆಕಾರದಿಂದ. ಸುರುಳಿ ಎಳೆಗಳಾಗಿ ಬೆಳೆಯುವ ಅದನ್ನು ಬಟ್ಟೆಯಲ್ಲಿ ಸೋಸಬಹುದು, ಬಿಸಿಲಿಗೆ ಒಣಹಾಕಬಹುದು, ಭಿತ್ತಿ ತೆಳುವಾದ್ದರಿಂದ ಹಾಗೆಯೇ ಜೀರ್ಣವಾಗುತ್ತದೆ. ಒಣತೂಕದ ಶೇ. 60ಕ್ಕೂ ಹೆಚ್ಚು ಪ್ರೋಟೀನ್. ಆಫ್ರಿಕದ ಚಾಡ್ ಸರೋವರದ ಹೆಂಗಸರು ಇದನ್ನು ಸೋಸಿ ಬಿಲ್ಲೆ ಮಾಡಿ ಸಾರಿಗೆ ಹಾಕುವುದು ತಲೆಮಾರುಗಳ ರೂಢಿ. ವಿಜ್ಞಾನಿಗಳು ಇದನ್ನು ಅವರಿಂದ ಕಲಿತರು ಎಂಬುದನ್ನು ಇತಿಹಾಸ ಬರೆಯುವವರು ಮೊದಲ ಸಾಲಿನಲ್ಲೇ ಹೇಳಬೇಕು.

ಮೈಸೂರಿನ ನಿಜವಾದ ಕೊಡುಗೆ ಈ ಪಾಚಿಗೆ ಹಾಕುವ ಗೊಬ್ಬರದ ಲೆಕ್ಕದಲ್ಲಿದೆ. ಪ್ರಪಂಚದ ಪ್ರಯೋಗಾಲಯಗಳು ಬಳಸುತ್ತಿದ್ದ ಜರೂಕ್ ದ್ರಾವಣದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಬೇಕು. ಸಿಎಫ್‌ಟಿಆರ್‌ಐ ದ್ರಾವಣ ಅದನ್ನು 4.5 ಗ್ರಾಮಿಗೆ ಇಳಿಸಿತು. ಉಳಿದಂತೆ ನೈಟ್ರೇಟು, ಫಾಸ್ಫೇಟು, ಉಪ್ಪು ಮೊದಲಾದ ಪೇಟೆಯಲ್ಲಿ ಸಿಗುವ ಲವಣಗಳು. ಕ್ಷಾರದ ನೀರಿನಲ್ಲಿ ಬೇರೆ ಪಾಚಿ, ಕ್ರಿಮಿಗಳು ಹೆಚ್ಚು ಬೆಳೆಯದೆ ಇರುವುದರಿಂದ ಸಿಮೆಂಟಿನ ತೆರೆದ ತೊಟ್ಟಿಯೇ ಸಾಕಾಗುತ್ತದೆ. ಚೆನ್ನಾಗಿ ನೋಡಿಕೊಂಡ ತೊಟ್ಟಿಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 8ರಿಂದ 12 ಗ್ರಾಂ ಒಣ ಪಾಚಿ ಬರುತ್ತದೆ. ಮೋಡ ಕವಿದರೆ ಇಳುವರಿ ಇಳಿಯುತ್ತದೆ, ಮಳೆ ಹೊಯ್ದರೆ ದ್ರಾವಣ ತೆಳುವಾಗುತ್ತದೆ. ರೈತ ಮುಗಿಲು ನೋಡುವ ಹಾಗೆಯೇ ಇಲ್ಲಿಯೂ ಮುಗಿಲು ನೋಡಬೇಕು.

ಪ್ರಯೋಗಾಲಯದಿಂದ ಸುಮಾರು 23 ಕಿಲೋಮೀಟರ್ ದೂರದ ನಂಜನಗೂಡಿಗೆ ಈ ವಿದ್ಯೆ ಉದ್ಯಮವಾಗಿ ಬಂದದ್ದು ಬಲ್ಲಾರ್‌ಪುರ ಇಂಡಸ್ಟ್ರೀಸ್‌ನ ಸ್ಪಿರುಲಿನಾ ಘಟಕದ ಮೂಲಕ. ಅಷ್ಟು ಹೊತ್ತಿಗೆ ಆ ಪುಡಿಯ ಗಿರಾಕಿಗಳು ಬದಲಾಗಿದ್ದರು. ಹಸಿದ ಮಗುವಿನ ತಟ್ಟೆಗೆಂದು ಹೊರಟ ಪಾಚಿ ಔಷಧದಂಗಡಿಯ ಗುಳಿಗೆಯಾಯಿತು.

ಈ ತಿರುವಿಗೆ ಕಾರಣ ಪಾಚಿಯಲ್ಲಿರಲಿಲ್ಲ. 1960ರ ದಶಕದಲ್ಲಿ ಬಡದೇಶಗಳ ಮುಖ್ಯ ಕೊರತೆ ಪ್ರೋಟೀನ್ ಎಂಬ ನಂಬಿಕೆ ವಿಶ್ವಸಂಸ್ಥೆಯಿಂದ ಹಿಡಿದು ಎಲ್ಲೆಡೆ ಗಟ್ಟಿಯಾಗಿತ್ತು. ಪಾಚಿ, ಯೀಸ್ಟುಗಳಂಥವುಗಳಿಂದ ಪಡೆಯುವ ಆಹಾರಕ್ಕೆ ಏಕಕೋಶ ಪ್ರೋಟೀನ್ ಎಂಬ ಹೆಸರು ಹುಟ್ಟಿದ್ದೂ ಆಗಲೇ, 1966ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಪಿ.ವಿ. ಸುಖಾತ್ಮೆ, ಸಿ. ಗೋಪಾಲನ್ ಮೊದಲಾದ ಭಾರತೀಯ ವಿಜ್ಞಾನಿಗಳು ಈ ನಂಬಿಕೆಯನ್ನು ಪ್ರಶ್ನಿಸಿದರು. ನಮ್ಮ ಜನ ಉಣ್ಣುವ ಧಾನ್ಯ-ಬೇಳೆ ಹೊಟ್ಟೆ ತುಂಬುವಷ್ಟು ಸಿಕ್ಕರೆ ಪ್ರೋಟೀನೂ ಬಹುಮಟ್ಟಿಗೆ ಸಿಗುತ್ತದೆ, ಇರುವ ಕೊರತೆ ಊಟದ್ದೇ ಎಂಬುದು ಅವರ ವಾದ. 1974ರಲ್ಲಿ ಪೋಷಣಾ ತಜ್ಞ ಡೊನಾಲ್ಡ್ ಮೆಕ್‌ಲಾರೆನ್ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರೋಟೀನ್ ಅಭಿಯಾನದ ವೈಫಲ್ಯವನ್ನು ನೇರವಾಗಿಯೇ ಬರೆದರು. ರಾಗಿ, ಅವರೆ, ಹುರುಳಿಯನ್ನು ಜೊತೆಗಿಟ್ಟು ಉಣ್ಣುವ ಮೈಸೂರು ಸೀಮೆಯವರಿಗೆ ಈ ವಾದ ಅರ್ಥವಾಗಲು ಲ್ಯಾನ್ಸೆಟ್ ಬೇಕಿರಲಿಲ್ಲ.

ಅಳಗಂಚಿಯ ಸಕ್ಕರೆಯಲ್ಲಿ ಎಷ್ಟು ಪ್ರೋಟೀನ್?

ಎರಡನೆಯ ದಾರಿಯಾದ ಯೀಸ್ಟ್ ಆಗಲಿ, ಇಂದಿನ ಕೋಶಮಾಂಸವಾಗಲಿ ಪಾಚಿಯಂತೆ ಬಿಸಿಲನ್ನು ತಿಂದು ಬೆಳೆಯುವುದಿಲ್ಲ. ಅವಕ್ಕೆ ಸಕ್ಕರೆ ಬೇಕು, ಸಕ್ಕರೆಗೆ ಕಬ್ಬೋ ಮೆಕ್ಕೆಜೋಳವೋ ಬೇಕು. ಹಾಗಾಗಿ ತೊಟ್ಟಿಯ ಆಹಾರ ಹೊಲವನ್ನು ಎಷ್ಟು ಉಳಿಸುತ್ತದೆ ಎಂಬುದನ್ನು ಈ ತಾಲ್ಲೂಕಿನ ಬೆಳೆಯಿಂದಲೇ ಅಂದಾಜು ಮಾಡಬಹುದು. ಎಕರೆಗೆ 40 ಟನ್ ಕಬ್ಬು, ಅದರಲ್ಲಿ ಹತ್ತನೆಯ ಒಂದು ಭಾಗ ಸಕ್ಕರೆ ಎಂದಿಟ್ಟುಕೊಳ್ಳೋಣ: 4 ಟನ್. ಯೀಸ್ಟ್ ತಿಂದ ಸಕ್ಕರೆಯಲ್ಲಿ ಹೆಚ್ಚೆಂದರೆ ಅರ್ಧ ತೂಕ ಕೋಶವಾಗುತ್ತದೆ: 2 ಟನ್. ಒಣ ಯೀಸ್ಟಿನಲ್ಲಿ ಶೇ. 45ರಷ್ಟು ಪ್ರೋಟೀನ್ ಎಂದರೆ ಸುಮಾರು 900 ಕಿಲೋ. ಅದೇ ಎಕರೆಯಲ್ಲಿ 25 ಕ್ವಿಂಟಲ್ ಭತ್ತ ಬೆಳೆದರೆ ಸಿಗುವ ಅಕ್ಕಿಯಲ್ಲಿ ಪ್ರೋಟೀನ್ ಇರುವುದು 115 ಕಿಲೋ ಆಸುಪಾಸು. ಎರಡು ಭತ್ತದ ಬೆಳೆ ತೆಗೆದರೂ ಯೀಸ್ಟೇ ಮುಂದೆ. ಕೋಶದ ಪರ ವಾದಿಸುವವರ ಮಾತಿನಲ್ಲಿ ಹುರುಳಿದೆ ಎಂದು ಇಲ್ಲಿ ಒಪ್ಪಲೇಬೇಕು.

ಆದರೆ ಲೆಕ್ಕವನ್ನು ಇಲ್ಲಿಗೆ ನಿಲ್ಲಿಸುವುದು ಅನ್ಯಾಯ. ಪ್ರೋಟೀನಿನ ತೂಕದಲ್ಲಿ ಶೇ. 16ರಷ್ಟು ಸಾರಜನಕ. 900 ಕಿಲೋ ಪ್ರೋಟೀನಿಗೆ 144 ಕಿಲೋ ಸಾರಜನಕ, ಎಂದರೆ 45 ಕಿಲೋದ ಸುಮಾರು ಏಳು ಮೂಟೆ ಯೂರಿಯಾ ತೊಟ್ಟಿಗೇ ಬೀಳಬೇಕು. ಕಬ್ಬಿಗೆ ಹಾಕಿದ್ದು ಬೇರೆ. ಗಾಳಿ ಊದಲು, ಕಾವು ಇಳಿಸಲು ಹಗಲಿರುಳು ವಿದ್ಯುತ್ ಬೇಕು. ವರ್ಷವಿಡೀ ನೀರು ಕುಡಿಯುವ ಕಬ್ಬು ಕಪಿಲೆಯ ನಾಲೆಗಳ ಮೇಲೆ ಹೇರುವ ಒತ್ತಡ ಹಾಗೆಯೇ ಉಳಿಯುತ್ತದೆ. ಇನ್ನೊಂದು ಮಿತಿ ದೇಹದ್ದು. ವೇಗವಾಗಿ ಬೆಳೆಯುವ ಕೋಶಗಳಲ್ಲಿ ನ್ಯೂಕ್ಲಿಕ್ ಆಮ್ಲ ಹೆಚ್ಚು, ಅದು ರಕ್ತದಲ್ಲಿ ಯೂರಿಕ್ ಆಮ್ಲವನ್ನು ಏರಿಸುತ್ತದೆ. ಇಂಥ ಆಹಾರದಿಂದ ದಿನಕ್ಕೆ 2 ಗ್ರಾಮಿಗಿಂತ ಹೆಚ್ಚು ನ್ಯೂಕ್ಲಿಕ್ ಆಮ್ಲ ಬೇಡ ಎಂದು ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಮಂಡಳಿ ಹೇಳಿತ್ತು. ಸಂಸ್ಕರಿಸದ ಯೀಸ್ಟಿಗೆ ಇದನ್ನು ಅನ್ವಯಿಸಿದರೆ ದಿನಕ್ಕೆ ಇಪ್ಪತ್ತು ಗ್ರಾಂ ಚಿಲ್ಲರೆಗೆ ಮಿತಿ ಮುಗಿಯುತ್ತದೆ. ಅದು ಮೇಲೋಗರಕ್ಕೆ ಬೆರೆಸುವಷ್ಟು ಮಾತ್ರ, ಊಟದ ಜಾಗಕ್ಕೆ ಸಾಲದು. 2013ರಲ್ಲಿ ಶುರುವಾದ ಬೆಂಗಳೂರಿನ ಸ್ಟ್ರಿಂಗ್ ಬಯೋ ಸಕ್ಕರೆಯ ಬದಲು ಮೀಥೇನ್ ಅನಿಲ ತಿನ್ನುವ ಬ್ಯಾಕ್ಟೀರಿಯಾ ಹಿಡಿದು ಪಶು ಮತ್ತು ಮೀನಿನ ಮೇವಿನ ಕಡೆಗೆ ಹೋದದ್ದರ ಹಿಂದಿನ ವಿವೇಕ ಈ ಲೆಕ್ಕದಿಂದ ತಿಳಿಯುತ್ತದೆ.

ಸಸ್ಯಕೋಶ ಮತ್ತು ರಸಬಾಳೆ

ಮೂರನೆಯ ದಾರಿಯ ಮೂಲ 1902ರಷ್ಟು ಹಳೆಯದು. ಗಿಡದ ಒಂದೊಂದು ಕೋಶವೂ ಇಡೀ ಗಿಡವಾಗಬಲ್ಲದು ಎಂದು ಸಸ್ಯವಿಜ್ಞಾನಿ ಗಾಟ್ಲೀಬ್ ಹೇಬರ್ಲಾಂಟ್ ಆಗ ಊಹಿಸಿದರು, ಅವರ ಕೋಶಗಳು ಒಡೆದು ಬೆಳೆಯಲಿಲ್ಲ. 1958ರಲ್ಲಿ ಎಫ್.ಸಿ. ಸ್ಟೀವರ್ಡ್ ಗಜ್ಜರಿಯ ಕೋಶಗಳಿಂದ ಅದನ್ನು ಸಾಧಿಸಿದರು. 1962ರ ಮುರಾಶಿಗೆ–ಸ್ಕೂಗ್ ಪೋಷಕ ದ್ರಾವಣ ಈ ವಿದ್ಯೆಯನ್ನು ಎಲ್ಲ ಪ್ರಯೋಗಾಲಯಗಳಿಗೂ ತೆರೆಯಿತು. ಸಿಎಫ್‌ಟಿಆರ್‌ಐಯಲ್ಲಿ ವೆಂಕಟರಾಮನ್ ಮತ್ತು ಜಿ.ಎ. ರವಿಶಂಕರ್ ಮೆಣಸಿನಕಾಯಿಯ ಕೋಶಗಳನ್ನು ಆಲ್ಜಿನೇಟಿನ ಮಣಿಗಳಲ್ಲಿ ಹಿಡಿದಿಟ್ಟು ಖಾರದ ಸತ್ವವನ್ನೂ, ಗಜ್ಜರಿಯ ಕೋಶಗಳಿಂದ ಕೆಂಬಣ್ಣವನ್ನೂ ಪಡೆದರು. ಅಚ್ಚುಕಟ್ಟಾದ ವಿಜ್ಞಾನವೇ ಸರಿ, ಆದರೂ ಒಂದು ಕಿಲೋ ಒಣಮೆಣಸಿನಕಾಯಿಯ ಬೆಲೆಯೆದುರು ಅದು ನಿಲ್ಲುವುದು ಕಷ್ಟ.

ಅದೇ ವಿದ್ಯೆ ನಂಜನಗೂಡಿನ ತೋಟಕ್ಕೆ ಬಂದಾಗ ಕಥೆ ಬೇರೆಯಾಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಬೀಜವಿಲ್ಲದ ಹಣ್ಣು, ಬುಡದಲ್ಲಿ ಒಡೆಯುವ ಕಂದಿನಿಂದಲೇ ಅದರ ವಂಶ. ಎಲ್ಲ ಗಿಡಗಳೂ ಒಂದೇ ಗುಣದವಾದ್ದರಿಂದ ಪನಾಮ ಸೊರಗು ರೋಗದ ಫ್ಯುಸೇರಿಯಂ ಶಿಲೀಂಧ್ರ ಹೊಕ್ಕಾಗ ಒಂದೂ ತಡೆದುಕೊಳ್ಳಲಿಲ್ಲ. ಶಿಲೀಂಧ್ರ ಬೇರಿನಿಂದ ಹತ್ತಿ ದಿಂಡಿನ ನೀರ್ನಾಳಗಳನ್ನು ಕಟ್ಟುತ್ತದೆ, ಎಲೆ ಹಳದಿಯಾಗಿ ಜೋತು ಬೀಳುತ್ತದೆ. ನೋಡಲು ಚೆನ್ನಾಗಿರುವ ಕಂದಿನೊಳಗೇ ಅದು ಮುಂದಿನ ತೋಟಕ್ಕೂ ಹೋಗುತ್ತದೆ. ದೇವರಸನಹಳ್ಳಿಯ ಸುತ್ತಿನ ಕಪ್ಪು ಮಣ್ಣಿನ ಹಣ್ಣು ಹೀಗೆ ಪೇಟೆಯಲ್ಲಿ ಅಪರೂಪವಾಯಿತು.

ಸಿಎಫ್‌ಟಿಆರ್‌ಐಯ ಭಾಗ್ಯಲಕ್ಷ್ಮಿ ನೀಲವರ್ಣೆ ಮತ್ತು ಸಂಗಡಿಗರು ಈ ತಳಿಯ ಅಂಗಾಂಶವನ್ನು ಗಾಜಿನ ಬಾಟಲಿಗಳಲ್ಲಿ ಬೆಳೆಸಿದರು. ಎರಡು ಬಗೆಯ ಸಸ್ಯ ಹಾರ್ಮೋನುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿದರೆ ಒಂದು ಮೊಳಕೆ ಹಲವಾಗುತ್ತದೆ, ಆಮೇಲೆ ಬೇರೊಡೆಯುತ್ತದೆ. ಹೀಗೆ ಬಹುಕಾಲ ಬಾಟಲಿಯಲ್ಲಿದ್ದ ಕೋಶಗಳು ಗುಣ ಬದಲಿಸಿಬಿಟ್ಟರೆ ಹುಟ್ಟುವುದು ರಸಬಾಳೆಯಾಗಿರುವುದಿಲ್ಲ ಎಂಬುದು ಎಲ್ಲರಿಗೂ ಇದ್ದ ಭಯ. ಹತ್ತು ವರ್ಷಗಳ ಕಾಲ ಹೀಗೆ ಬೆಳೆಸಿದ ಮೊಳಕೆಗಳನ್ನು ಡಿಎನ್‌ಎ ಗುರುತುಗಳಿಂದ ಪರೀಕ್ಷಿಸಿ ವ್ಯತ್ಯಾಸ ಕಾಣಲಿಲ್ಲವೆಂದು 2007ರಲ್ಲಿ ಅವರು ಪ್ರಕಟಿಸಿದರು. ಕೋಶದಿಂದ ಆಹಾರ ಎಂಬ ಮಾತಿಗೆ ಈ ಸೀಮೆಯಲ್ಲಿ ಇದಕ್ಕಿಂತ ನೇರವಾದ ನಿದರ್ಶನ ನನಗೆ ಕಾಣುವುದಿಲ್ಲ. ಜಗತ್ತಿನ ಗಮನ ಬಯೋರಿಯಾಕ್ಟರುಗಳ ಮೇಲಿರುವಾಗ ಒಂದು ಊರಿನ ಹಣ್ಣನ್ನು ಬಾಟಲಿಯಲ್ಲಿ ಕಾಪಾಡಿದ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬ ನೋವು ನನಗಿದೆ.

ಒಡೆತನದ ದೃಷ್ಟಿಯಿಂದಲೂ ಈ ದಾರಿ ಬೇರೆ. ಕೋಶಮಾಂಸದ ತೊಟ್ಟಿ, ಅದರ ಕೋಶಸಾಲು, ಅದಕ್ಕೆ ಹಾಕುವ ದ್ರಾವಣ ಎಲ್ಲವೂ ಕಂಪನಿಯ ಕೈಯಲ್ಲಿರುತ್ತವೆ. ಉಣ್ಣುವವನು ಪ್ರತಿಸಲವೂ ಕೊಳ್ಳಬೇಕು. ಅಂಗಾಂಶದ ಬಾಳೆಸಸಿಯನ್ನು ರೈತ ಒಮ್ಮೆ ಕೊಂಡು ನೆಟ್ಟರೆ ಗೊನೆ ಕಡಿಯುವ ಹೊತ್ತಿಗೆ ಅದರ ಬುಡದಲ್ಲಿ ಕಂದುಗಳಿರುತ್ತವೆ, ಅಲ್ಲಿಂದ ಮುಂದೆ ವಂಶ ಅವನದೇ. ಇದಕ್ಕೊಂದು ಕಟ್ಟುನಿಟ್ಟಿನ ಷರತ್ತಿದೆ. ಸಸಿ ರೋಗವಿಲ್ಲದೆ ಬರುತ್ತದೆ, ಆದರೆ ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಹೊಸದಾಗಿ ಬಂದಿರುವುದಿಲ್ಲ. ಫ್ಯುಸೇರಿಯಂ ಮಣ್ಣಿನಲ್ಲಿ ದಶಕಗಳ ಕಾಲ ಬದುಕುತ್ತದೆ. ಸೊರಗು ಕಂಡ ತೋಟಕ್ಕೆ ಬಾಟಲಿಯ ಸಸಿಯನ್ನು ತಂದು ನೆಟ್ಟರೆ ಅದೂ ಸೊರಗುತ್ತದೆ. ಆದ್ದರಿಂದ ತಜ್ಞರು ಹೇಳುವ ಕ್ರಮ, ನೀರು ನಿಲ್ಲಿಸಿ ಒಂದೆರಡು ಬೆಳೆ ಭತ್ತ ತೆಗೆದು ಶಿಲೀಂಧ್ರದ ಬಲವನ್ನು ಕುಗ್ಗಿಸಿ, ಆಮೇಲೆ ಬಾಳೆ ಇಡುವುದು. ರಸಬಾಳೆಯ ಸಸಿ ಹಂಚುವ ಯೋಜನೆ ಯಾವುದೇ ಆಗಲಿ, ನಾಲೆಯ ಯಾವ ಗದ್ದೆಯಲ್ಲಿ ಯಾವ ವರ್ಷ ಭತ್ತವಿತ್ತು, ಎಲ್ಲಿ ಸೊರಗು ಕಂಡಿತ್ತು ಎಂಬ ದಾಖಲೆಯನ್ನು ಬೆಳೆಗಾರರಿಂದ ಕೇಳಿ ಬರೆದುಕೊಂಡು, ಸಸಿಯ ಲೆಕ್ಕದ ಜೊತೆಗೇ ಇಟ್ಟುಕೊಳ್ಳಬೇಕು.