ನೀರಿನ ಕೊಳವೆ: ಲೋಹದಿಂದ ಪ್ಲಾಸ್ಟಿಕ್‌ಗೆ, ಮತ್ತೆ ಲೋಹಕ್ಕೆ

ಕಾರು ಓಡುವುದು ಬೆಂಕಿಯ ಬಲದಿಂದ ಎಂಬುದು ಎಲ್ಲರಿಗೂ ಗೊತ್ತು. ಆ ಬೆಂಕಿಯಿಂದ ಎಂಜಿನ್ನನ್ನು ಕಾಯುವುದು ನೀರು ಎಂಬುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸರಿಸುಮಾರು ಮೂರನೆಯ ಒಂದು ಪಾಲನ್ನು ಹೊರಸಾಗಿಸುವುದು ಮೆಕ್ಯಾನಿಕ್‌ಗಳು ‘ಕೂಲೆಂಟ್’ ಎನ್ನುವ ದ್ರವ. ಅದು ಹರಿಯುವ ಕೊಳವೆ ಬಿರುಕು ಬಿಟ್ಟದ್ದು ತಿಳಿಯದೆ ಕಾರು ಓಡಿಸುತ್ತಾ ಹೋದರೆ ಎಂಜಿನ್ನೇ ಹಾಳಾಗಬಹುದು. ಇಷ್ಟು ಮುಖ್ಯವಾದ ಕೊಳವೆಯನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು ಏಕೆ? ಅದನ್ನು ಕಿತ್ತು ಲೋಹದ ಕೊಳವೆ ಕೂರಿಸುವ ಸ್ಥಿತಿ ಬಂದದ್ದು ಹೇಗೆ?

1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೊದಲ ಕಾರಿನಲ್ಲಿ ನೀರು ಕುದಿದು ಆವಿಯಾಗಿಯೇ ಎಂಜಿನ್ನನ್ನು ತಂಪಾಗಿಸುತ್ತಿತ್ತು. ಹಾಗಾಗಿ ಆಗಾಗ ನೀರು ತುಂಬಬೇಕಿತ್ತು. 1900ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ನಳಿಕೆಗಳ ಆ ಜಾಲದಿಂದಾಗಿ ಸ್ವಲ್ಪವೇ ನೀರು ಮತ್ತೆ ಮತ್ತೆ ಸುತ್ತಿ ಬಂದು ಕೆಲಸ ನಡೆಸುವುದು ಸಾಧ್ಯವಾಯಿತು. ಮುಂದಿನ ಹಲವು ದಶಕಗಳ ಕಾಲ ಈ ವ್ಯವಸ್ಥೆಯೆಂದರೆ ಹಿತ್ತಾಳೆ, ತಾಮ್ರ, ಕಬ್ಬಿಣ ಹಾಗೂ ರಬ್ಬರ್ ಹೋಸ್‌ಗಳೇ.

ಪ್ಲಾಸ್ಟಿಕ್ ಇಲ್ಲಿಗೆ ಬಂದದ್ದು ತಡವಾಗಿ. 1935ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ತಂಡ ನೈಲಾನನ್ನು ತಯಾರಿಸಿತು. ಅದಕ್ಕೆ ಗಾಜಿನ ಎಳೆಗಳನ್ನು ಬೆರೆಸಿದರೆ ಗಟ್ಟಿ ಯಂತ್ರಭಾಗಗಳನ್ನೂ ಅಚ್ಚು ಹೊಯ್ಯಬಹುದೆಂದು ಮುಂದೆ ತಿಳಿಯಿತು. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲ್ ಉಳಿಸುವುದು ಅನಿವಾರ್ಯವಾಯಿತು. 1975ರಲ್ಲಿ ಅಮೆರಿಕ ಅದಕ್ಕಾಗಿ ಕಾನೂನನ್ನೇ ಮಾಡಿತು. ಕಾರು ಹಗುರವಾದಷ್ಟೂ ಇಂಧನ ಕಡಿಮೆ ಸಾಕು. ಪ್ಲಾಸ್ಟಿಕ್ ಹಗುರ, ತುಕ್ಕು ಹಿಡಿಯದು. ಎಂಥ ತಿರುವಿನ ಕೊಳವೆಯನ್ನಾದರೂ ಒಂದೇ ಅಚ್ಚಿನಲ್ಲಿ ತೆಗೆಯಬಹುದು. ಆದ್ದರಿಂದ ಆ ಆಯ್ಕೆಯನ್ನು ಬರೀ ಜಿಪುಣತನವೆಂದು ತಳ್ಳಿಹಾಕುವಂತಿಲ್ಲ.

ತೊಡಕು ಇರುವುದು ನೈಲಾನಿನ ಹುಟ್ಟಿನಲ್ಲೇ. ಅದರ ಅಣುಸರಪಳಿಯ ಒಂದೊಂದು ಕೊಂಡಿ ಬೆಸೆಯುವಾಗಲೂ ಒಂದೊಂದು ನೀರಿನ ಅಣು ಹೊರಬೀಳುತ್ತದೆ. ಬಿಸಿನೀರಿನ ಸಹವಾಸದಲ್ಲಿ ಈ ಕ್ರಿಯೆ ನಿಧಾನವಾಗಿ ಹಿಮ್ಮುಖವಾಗುತ್ತದೆ: ನೀರು ಮರಳಿ ಸೇರಿ ಕೊಂಡಿಗಳನ್ನು ಬಿಚ್ಚುತ್ತದೆ. ಎಂಜಿನ್ನಿನ ಕೂಲೆಂಟ್ ಪ್ರೆಷರ್ ಕುಕ್ಕರಿನ ನೀರಿನಂತೆ ಒತ್ತಡದಲ್ಲಿರುವುದರಿಂದ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದು. ದಿನಾ ಕಾದು, ತಣಿದು, ಮತ್ತೆ ಕಾಯುವ ಕೊಳವೆ ವರ್ಷಗಳು ಕಳೆದಂತೆ ಪೆಡಸಾಗಿ ಸೀಳುತ್ತದೆ. ಇದನ್ನು ತಡೆಯುವ ಮಿಶ್ರಣಗಳಿವೆ. ಅವು ಆಯುಸ್ಸನ್ನು ಹೆಚ್ಚಿಸುತ್ತವೆ, ಅಷ್ಟೆ.

ಪ್ಲಾಸ್ಟಿಕ್ ಕೊಳವೆಯ ತಕರಾರು ಕೋರ್ಟಿನವರೆಗೂ ಹೋದ ಒಂದು ಪ್ರಸಂಗ ಜರ್ಮನಿಯ ಪೋರ್ಷೆ ಕಂಪನಿಯದು. ಅದರ ಹೆಸರಾಂತ 911 ಕಾರಿನಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ 1998ರವರೆಗೂ ಉಳಿದಿತ್ತು. 2002ರಲ್ಲಿ ಕಂಪನಿ ಕಯೆನ್ ಎಂಬ ದೊಡ್ಡ ವಾಹನವನ್ನು ಹೊರತಂದಿತು. ಅದರ 4.5 ಲೀಟರ್ ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡು ಸಾಲಾಗಿ ನಿಂತಿವೆ. ಆ ಸಾಲುಗಳ ನಡುವಿನ ಕಣಿವೆಯಲ್ಲಿ, ಗಾಳಿ ಒಳಗೆಳೆಯುವ ಮ್ಯಾನಿಫೋಲ್ಡ್‌ನ ಅಡಿಯಲ್ಲಿ, ಪ್ಲಾಸ್ಟಿಕ್ ಕೊಳವೆಗಳನ್ನು ಹಾಯಿಸಲಾಗಿತ್ತು. ಸುತ್ತಲೂ ಶಾಖ, ಕಣ್ಣಿಗೆ ಕಾಣದ ಜಾಗ. ಸಾಲದ್ದಕ್ಕೆ ಸ್ಟಾರ್ಟರ್ ಮೋಟಾರು ಇರುವುದೂ ಅದೇ ಕಣಿವೆಯಲ್ಲಿ. ಕೊಳವೆ ಸೋರಿದರೆ ಆ ಮೋಟಾರೂ ತೊಯ್ದು ಕೆಡುವ ಸಂಭವವಿತ್ತು.

ಪರಿಹಾರವಾಗಿ ಬಂದದ್ದು ಅಲ್ಯೂಮಿನಿಯಂ ಕೊಳವೆಗಳ ಸೆಟ್. ಸಾಮಾನು ಚಿಕ್ಕದು, ಕೆಲಸ ದೊಡ್ಡದು. ಕೂಲೆಂಟ್ ಬಸಿದು, ಮ್ಯಾನಿಫೋಲ್ಡ್ ಬಿಚ್ಚಿ, ಮುರಿದ ಪ್ಲಾಸ್ಟಿಕ್ ಚೂರುಗಳು ಒಳಗೆ ಉಳಿಯದಂತೆ ಹೆಕ್ಕಿ, ಕೂರುವ ಜಾಗವನ್ನು ಉಜ್ಜಿ ಶುಚಿಮಾಡಿ, ಹೊಸ ರಬ್ಬರ್ ರಿಂಗುಗಳೊಂದಿಗೆ ಕೊಳವೆ ಕೂರಿಸಬೇಕು. ಕೊನೆಗೆ ಕೂಲೆಂಟ್ ತುಂಬಿ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಬೇಕು. ಬಿಲ್ಲಿನಲ್ಲಿ ಕೊಳವೆಗಿಂತ ಕೂಲಿಯೇ ಭಾರವಾಗುವುದು ಇಂಥಲ್ಲಿ.

ಈ ಖರ್ಚು ಯಾರದು? ಅಮೆರಿಕದಲ್ಲಿ ಆ ಕಾರಿನ ವಾರಂಟಿ 4 ವರ್ಷ ಅಥವಾ 50,000 ಮೈಲಿ, ಎಂದರೆ ಸುಮಾರು 80,000 ಕಿಲೋಮೀಟರ್. ಅದು ಮುಗಿದ ಮೇಲೆ ಕೊಳವೆ ಒಡೆದವರು ಅಲ್ಲಿ ಮೊಕದ್ದಮೆ ಹೂಡಿದರು. ದೋಷ ತಿಳಿದೂ ಕಂಪನಿ ಮುಚ್ಚಿಟ್ಟಿತೆಂಬುದು ಅವರ ಆರೋಪ. ಕಂಪನಿ ಅದನ್ನು ಒಪ್ಪಲಿಲ್ಲ. ಮೊಕದ್ದಮೆಗಳನ್ನು ಒಹಾಯೊ ರಾಜ್ಯದ ಫೆಡರಲ್ ನ್ಯಾಯಾಲಯವೊಂದರಲ್ಲಿ ಒಟ್ಟುಗೂಡಿಸಲಾಯಿತು. 2003ರಿಂದ 2006ರವರೆಗಿನ ಮಾದರಿಗಳ ಕುರಿತ ಈ ವ್ಯಾಜ್ಯ ಕಡೆಗೆ ರಾಜಿಯಲ್ಲಿ ಬಗೆಹರಿಯಿತು.

ಲೋಹವೇನೂ ಅಮರವಲ್ಲ. ತಕ್ಕ ಕೂಲೆಂಟ್ ಹಾಕದಿದ್ದರೆ ಅಲ್ಯೂಮಿನಿಯಮ್ಮೂ ಸವೆಯುತ್ತದೆ. ಕೈಗೆಟಕುವ ಕಡೆ ಇರುವ ಪ್ಲಾಸ್ಟಿಕ್ ಭಾಗ ಒಡೆದರೆ ಬದಲಿಸುವುದು ಕಷ್ಟವಲ್ಲ. ಎಂಜಿನ್ನಿನ ಹೊಟ್ಟೆಯೊಳಗೆ ಹುದುಗಿದ್ದು ಒಡೆದರೆ ಮಾತ್ರ ಮಾಲೀಕನ ಕೈ ಸುಡುತ್ತದೆ. ವಾರಂಟಿಯ ಲೆಕ್ಕ ಕೆಲವೇ ವರ್ಷಗಳದ್ದಾದರೂ ಕಾರು ಹದಿನೈದು ಇಪ್ಪತ್ತು ವರ್ಷ ಓಡುತ್ತದೆ. ಆ ಉಳಿದ ವರ್ಷಗಳ ದುರಸ್ತಿ ಸಾಮಾನ್ಯವಾಗಿ ಬೀಳುವುದು ಸೆಕೆಂಡ್ ಹ್ಯಾಂಡ್ ಕೊಂಡವರ ಪಾಲಿಗೆ. ಹಳೆಯ ಕಾರು ಕೊಳ್ಳುವವರು ಮೀಟರು, ಟೈರುಗಳನ್ನು ನೋಡುವಂತೆಯೇ ಕೂಲೆಂಟಿನ ಮಟ್ಟವನ್ನೂ ನೋಡಿ, ಈ ಕೊಳವೆಗಳನ್ನು ಯಾವಾಗ ಬದಲಿಸಿದ್ದೀರಿ ಎಂದು ಕೇಳುವುದು ಒಳ್ಳೆಯದು.