ತಟ್ಟಿನ ಪರದೆಯ ಅಂಗಡಿ

ಅಕ್ಕಗೋಳ್ರಾ, ಮೊನ್ನೆ ಸಂತಿಗೆ ಹೋದಾಗ ಹಳೇ ಸೆರಿ ಅಂಗಡಿ ಇದ್ದ ಜಾಗಾದ ಮುಂದ ಹಾದು ಬಂದೆ. ಮಣ್ಣಿನ ಗ್ವಾಡಿ ಕೆಡವಿ ಈಗ ಮೊಬೈಲ್ ಅಂಗಡಿ ಕಟ್ಯಾರ. "ಇಲ್ಲೇ ಸೆರಿ ಅಂಗಡಿ ಇತ್ತವ್ವ" ಅಂದ್ರ ಮಗಳು "ಬಾರಾ?" ಅಂತ ಕೇಳಿದ್ಲು.

ಬಾರ್ ಅಲ್ಲ. ಬಾಗಲಿಗೆ ತಟ್ಟಿನ ಪರದೆ, ಒಳಗ ಒಂದೆರಡು ಉದ್ದನ ಬಾಕು, ಹೊರಗ ಹುರದ ಶೇಂಗಾ ಮಾರೋ ಮುದುಕಿ. ಸಂತಿ ದಿನ ಅವ್ವ ನನ್ನ ಕಳಸ್ತಿದ್ಲು, "ಅಪ್ಪನ ಕಡೆ ರೊಕ್ಕಾ ಇಸ್ಕೊಂಡ್ ಬಾ" ಅಂತ. ಒಳಗ ಹೋಗೂ ಹಂಗಿಲ್ಲ. ಪರದೆ ಕೆಳಗ ಬಗ್ಗಿ ಅಪ್ಪನ ಚಪ್ಪಲಿ ಹುಡುಕ್ತಿದ್ದೆ.

ಈ ಅಂಗಡಿಗೋಳು ಒಂದ ಸಲ ಮುಚ್ಚಿದ್ದಲ್ಲ ನೋಡ್ರಿ. 1956ರ ತನಕ ನಮ್ಮ ಬಿಜಾಪುರ ಜಿಲ್ಲಾ ಮುಂಬೈ ರಾಜ್ಯದಾಗ ಇತ್ತು. ಅಲ್ಲಿ 1949ರಾಗ ಪಾನನಿಷೇಧ ಕಾಯ್ದೆ ಆತು, 1950ರಿಂದ ಪೂರ್ತಿ ಬಂದ್. ಅಂಗಡಿ ಹೋದ್ವು, ಕಳ್ಳಭಟ್ಟಿ ಬಂತು. ಮುಂದ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. 1967ರಾಗ ನಿಜಲಿಂಗಪ್ಪನವರ ಸರಕಾರ ನಿಷೇಧ ತಗೀತು. ಆಮ್ಯಾಲ ಸಾರಾಯಿ ಹರಾಜು. ಹೆಚ್ಚಿಗಿ ಕೂಗಿದಾಂವಗ ಆ ಭಾಗದ ಗುತ್ತಿಗಿ. ಕಟ್ಟಿದ ರೊಕ್ಕಾ ತಿರುಗಿ ಬರಬೇಕಂದ್ರ ಹೆಚ್ಚ ಮಾರಬೇಕು. ಹಿಂಗಾಗಿ ಹಳ್ಳಿ ಹಳ್ಳಿಗೆ ಅಂಗಡಿ ಹೊಕ್ಕವು. ಬರಬರತ ಪ್ಲಾಸ್ಟಿಕ್ ಪಾಕೀಟು ಬಂದು, ಕಿಸೆದಾಗ ಇಟ್ಕೊಂಡು ಹೊಲಕ್ಕೂ ಒಯ್ಯೂ ಹಂಗ ಆತು.

1981ರಾಗ ಬೆಂಗಳೂರಾಗ ಕಳ್ಳಸಾರಾಯಿ ಕುಡದು 300ಕ್ಕಿಂತ ಹೆಚ್ಚ ಮಂದಿ ಸತ್ರು. ಆಂಧ್ರದ ನೆಲ್ಲೂರ ಕಡೆ ದೂಬಗುಂಟ ಅನ್ನೂ ಊರಾಗ ಓದಾಕ ಕಲತ ಹೆಣ್ಣಮಕ್ಕಳು 1992ರಾಗ ಸಾರಾಯಿ ವಿರುದ್ಧ ಎದ್ದ ನಿಂತ್ರು. ಮರುವರ್ಷ ಅಕ್ಟೋಬರ್ 1ಕ್ಕ ಅಲ್ಲಿ ಸಾರಾಯಿ ಬಂದ್ ಆತು. ನಮ್ಮಲ್ಲಿ ಆಗಾಕ 2007ರ ಜುಲೈ 1 ಬರಬೇಕಾತು. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಬಜೆಟ್ಟಿನ್ಯಾಗ ಹೇಳಿದಾಂವರು ಯಡಿಯೂರಪ್ಪನವರು.

ಆ ದಿನ ಅವ್ವ ಹೋಳಿಗಿ ಮಾಡಿದ್ಲು. ಯಾವ ಹಬ್ಬಾನೂ ಇರಲಿಲ್ಲ.

ಆದ್ರ ಕುಡಿಯೂದು ನಿಲ್ಲಲಿಲ್ರಿ. ಸಾರಾಯಿ ಸೋವಿ ಇತ್ತು. ಅದರ ಬದ್ಲಿ ಬಂದ ವಿಸ್ಕಿಗೆ ಹೆಚ್ಚ ರೊಕ್ಕಾ ಬೇಕಾತು, ಅದೂ ಅದ ಪಗಾರದಾಗಿಂದ. ನಮ್ಮ ಚಡಚಣ ಗಡಿ ಊರು. ಆಚೆ ಮಹಾರಾಷ್ಟ್ರದಾಗ ದೇಶಿ ದಾರೂಗೆ ಇನ್ನೂ ಲೈಸನ್ಸ್ ಐತಿ. ಅಪ್ಪ ಯಾರದರೆ ಗಾಡಿ ಮ್ಯಾಲ ಕುಂತು ಹೋಗಿಬಿಡತಿದ್ದ. ಮೊದ್ಲ ಪರದೆ ಹೊರಗ ನಿಂತು ಕರಿಯಾಕರೆ ಬರತಿತ್ತು. ಈಗ ಕರಿಯಾಕ ಎಲ್ಲಿ ಹೋಗೂದು?

ಬಸವಣ್ಣನವರ ಕಾಲದಾಗ ಹೆಂಡದ ಮಾರಯ್ಯ ಅನ್ನೂ ಶರಣ ಇದ್ದ. ಹೆಂಡ ಮಾರತ ಮಾರತನ ಕುಡ್ಯಾಂವರಿಗೆ ಬುದ್ಧಿ ಹೇಳತಿದ್ದ ಅಂತಾರ. ಅಂದ್ರ 12ನೇ ಶತಮಾನದಿಂದ ಹೇಳಕೋತನ ಬಂದೀವಿ. 2019ರ ಜನೇವರಿಯಾಗ ಸಾವಿರಾರು ಹೆಣ್ಣಮಕ್ಕಳು ಚಿತ್ರದುರ್ಗದಿಂದ ಬೆಂಗಳೂರ ತನಕ ನಡಕೋತ ಹೋಗಿ ಮತ್ತ ಅದನ್ನ ಕೇಳಿದ್ರು.

ಅಂಗಡಿ ಬಿತ್ತು ಅಂತ ನನಗ ದುಃಖ ಇಲ್ಲ. ಆದ್ರ ಅದು ಎಲ್ಲಿತ್ತು, ಅದರ ಮುಂದ ಯಾರ್ಯಾರು ನಿಂತಿದ್ರು ಅನ್ನೂದು ಗ್ವಾಡಿ ಜೋಡಿ ಮಣ್ಣಾಗಬಾರದು. ನಿಮ್ಮೂರಾಗ ಎಲ್ಲಿತ್ತು? ಹಿರ್ಯಾರನ್ನ ಕೇಳಿ ಬರದಿಡ್ರಿ. ನಾನಂತೂ ಮಗಳಿಗೆ ಆ ಚಪ್ಪಲಿ ಕಥಿ ಹೇಳೀನಿ. ಮನಿ ಬರೂ ತನಕ ಅಕಿ ನನ್ನ ಕೈ ಬಿಡಲಿಲ್ಲ.